ಹಗೆಯವ ಗೆಳೆಯನಾಗುವ ಕಂತು ಯಾರೂ ನಂಬುತ್ತಿಲ್ಲ, ಸ್ಕ್ರಿಪ್ಟ್ ಸರಿ ಮಾಡುವುದು ಹೇಗೆ?

ಪೆರ್ಲ ಟೀಚರ್:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನ ಲಿಟ್ಲ್ ಕೈಟ್ಸ್ (ಶಾಲೆಯ ಐಟಿ ಕ್ಲಬ್) ಮಕ್ಕಳು ಕನ್ನಡದಲ್ಲಿ ಒಂದು ಆನಿಮೇಷನ್ ಸರಣಿ ಮಾಡುತ್ತಿದ್ದಾರೆ. ಆರು ಕಂತು, ಒಂದೊಂದು ಮೂರು ನಿಮಿಷ. ಕತೆ ಇಷ್ಟು: ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದೊಳಗೆ ಆ ನೀರು ಕಾಯುವ ಒಂದು ಜೀವ ಉಂಟು. ಕೋಟೆಯ ಕಡೆಯ ಹುಡುಗ ರುದ್ರ, ಅಪ್ಪನ ಅಪ್ಪಣೆಯಂತೆ ಮಂತ್ರ ಹಾಕಿ ಸುರಂಗದೊಳಗೆ ನೀರು ಬರುವ ಬಾಯಿ ಮುಚ್ಚುತ್ತಾನೆ. ಕೆಳಗಿನ ತೋಟಗಳೆಲ್ಲ ಒಣಗುತ್ತವೆ. ಅಪ್ಪು, ಸುಮ, ಲೀಲ ಮೂವರು ಅವನ ವಿರುದ್ಧ ನಿಲ್ಲುತ್ತಾರೆ. ಐದನೇ ಕಂತಿನಲ್ಲಿ ರುದ್ರ ಇವರ ಜೊತೆ ಸೇರಬೇಕು.

ಈಗಿರುವ ಸ್ಕ್ರಿಪ್ಟಿನಲ್ಲಿ ಅವನು ಬಂದು ಅಳುತ್ತಾನೆ, ತಪ್ಪಾಯ್ತು ಅನ್ನುತ್ತಾನೆ, ಮೂವರೂ ತಬ್ಬಿಕೊಳ್ಳುತ್ತಾರೆ. ನಲವತ್ತು ಸೆಕೆಂಡಿನಲ್ಲಿ ಮುಗಿಯಿತು. ಎಂಟನೇ ಕ್ಲಾಸಿನವರಿಗೇ ಇದು ರುಚಿಸಲಿಲ್ಲ, "ಅವ ಯಾಕೆ ಬಂದ?" ಅಂತ ಕೇಳುತ್ತಾರೆ. ಮಕ್ಕಳಲ್ಲಿ ಹೆಚ್ಚಿನವರು 'ಅವತಾರ್' ಕಾರ್ಟೂನ್ ಸರಣಿಯಲ್ಲಿ ಹಗೆಯವನಾಗಿದ್ದು ಗೆಳೆಯನಾಗುವ ರಾಜಕುಮಾರ ಝೂಕೋನನ್ನು ಮನಸ್ಸಿನಲ್ಲಿಟ್ಟುಕೊಂಡೇ ರುದ್ರನನ್ನು ಬರೆದದ್ದು. ಅಲ್ಲಿ ಅದು ಹೇಗೆ ನಿಂತಿತು, ನಮ್ಮ ಹದಿನೆಂಟು ನಿಮಿಷದಲ್ಲಿ ಎಷ್ಟು ಹಿಡಿಸಬಹುದು, ಗೊತ್ತಿದ್ದವರು ಬಿಡಿಸಿ ಹೇಳಿ.

ಮಂಜೇಶ್ವರ ಕಾರ್ಟೂನ್:

ಟೀಚರ್, ಮೊದಲು ಲೆಕ್ಕ ನೋಡಿ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' 2005ರಿಂದ 2008ರವರೆಗೆ ಬಂದದ್ದು, ಒಟ್ಟು 61 ಕಂತು. ಝೂಕೋ ಕಥಾನಾಯಕ ಆಂಗ್‌ನ ಗುಂಪಿಗೆ ಸೇರುವುದು 52ನೇ ಕಂತಿನಲ್ಲಿ. ಅಲ್ಲಿವರೆಗೆ ಸುಮ್ಮನೆ ಕಾಯಿಸಿದ್ದಲ್ಲ, ನಡುನಡುವೆ ಗೂಟ ಹೊಡೆದುಕೊಂಡು ಬಂದಿದ್ದಾರೆ.

12ನೇ ಕಂತಿನಲ್ಲಿ ಅವನ ಮುಖದ ಸುಟ್ಟ ಗಾಯದ ಕತೆ ಗೊತ್ತಾಗ್ತದೆ: ಹದಿಮೂರು ವರ್ಷದ ಮಗನನ್ನು ಅಪ್ಪನೇ ಸುಟ್ಟು ಗಡೀಪಾರು ಮಾಡಿದ್ದು, ಆಂಗ್‌ನನ್ನು ಹಿಡಿದು ತಂದರೆ ಮಾತ್ರ ಮನೆಗೆ ವಾಪಸು ಅಂತ. 13ನೇ ಕಂತಿನಲ್ಲಿ ನೀಲಿ ಮುಖವಾಡ ಹಾಕಿಕೊಂಡು ಆಂಗ್‌ನನ್ನು ಸೆರೆಯಿಂದ ಬಿಡಿಸ್ತಾನೆ. ಅದೂ ಒಳ್ಳೆತನದಿಂದಲ್ಲ, ಬೇರೊಬ್ಬ ಹಿಡಿದರೆ ತನಗೆ ಮನೆಗೆ ಹೋಗುವ ದಾರಿ ತಪ್ಪಿತು ಅಂತ. ಆಂಗ್ ಅದೇ ಕಂತಿನಲ್ಲಿ ಸ್ನೇಹದ ಮಾತೆತ್ತಿದರೆ ಉತ್ತರವಾಗಿ ಬೆಂಕಿ ಎಸೀತಾನೆ. 37ನೇ ಕಂತಿನಲ್ಲಿ ಆಂಗ್‌ನ ಹಾರುವ ಪ್ರಾಣಿ ಅಪ್ಪಾನನ್ನು ಬಿಟ್ಟುಕಳಿಸ್ತಾನೆ. ನೋಡುವವರು "ಇನ್ನೇನು ಸರಿಯಾದ" ಅಂತ ನಿಟ್ಟುಸಿರು ಬಿಡುವಷ್ಟರಲ್ಲಿ 40ನೇ ಕಂತು: ಆಂಗ್‌ನ ಗುಂಪಿನ ಕಟಾರಾ ಅವನನ್ನು ನಂಬಿ, ಗಾಯ ವಾಸಿ ಮಾಡಲು ತನ್ನಲ್ಲಿದ್ದ ಅಪರೂಪದ ನೀರನ್ನೇ ಕೊಡಲು ಹೊರಟಿರ್ತಾಳೆ. ಅವನು ತಂಗಿ ಅಜೂಲಾಳ ಪಕ್ಷ ಸೇರಿ ಕೈಕೊಡ್ತಾನೆ.

ಈ ಕೈಕೊಟ್ಟದ್ದೇ ಇಡೀ ಕಟ್ಟಡದ ಅಡಿಗಲ್ಲು. 40ರಲ್ಲೇ ಒಳ್ಳೆಯವನಾಗಿದ್ದರೆ ಕತೆ ಅಲ್ಲಿಗೆ ಸಪ್ಪೆ. ಮೂರನೇ ಭಾಗದಲ್ಲಿ ಅವನಿಗೆ ಬೇಕಾದ್ದೆಲ್ಲ ಸಿಗ್ತದೆ: ಅರಮನೆ, ಅಪ್ಪನ ಮೆಚ್ಚುಗೆ, ಗೌರವ. ಎಲ್ಲ ಸಿಕ್ಕಿದ ಮೇಲೆ ಬಿಟ್ಟು ಬರುವುದಕ್ಕೂ ಸೋತು ದಿಕ್ಕಿಲ್ಲದೆ ಬರುವುದಕ್ಕೂ ಅಜಗಜಾಂತರ ಉಂಟು. ನಿಮ್ಮ ರುದ್ರ ಈಗ ಯಾವ ಸ್ಥಿತಿಯಲ್ಲಿ ಬರುತ್ತಾನೆ? ಕೋಟೆ ಬಿದ್ದ ಮೇಲೆ ಬಂದರೆ ಅದು ಶರಣಾಗತಿ, ಸ್ನೇಹ ಅಲ್ಲ. ಅಪ್ಪ ಬೆನ್ನು ತಟ್ಟಿ ಮೆಚ್ಚಿದ ಮರುದಿನ ಬರಲಿ.

ಇನ್ನು 52ನೇ ಕಂತು. ಅದನ್ನು ಮಕ್ಕಳಿಗೆ ಪೆನ್ನು ಹಿಡಿದು ನೋಡಲು ಹೇಳಿ. ಝೂಕೋ ಕಪ್ಪೆಯೊಂದರ ಮುಂದೆ ಭಾಷಣ ಅಭ್ಯಾಸ ಮಾಡಿಕೊಂಡು ಬರ್ತಾನೆ, ಎದುರು ನಿಂತಾಗ ಎಲ್ಲ ಹಾಳು. ಒಳ್ಳೆಯ ಹೆಸರು ಬರಲಿ ಅಂತ ಅಪ್ಪಾನನ್ನು ಬಿಡಿಸಿದ್ದು ಹೇಳ್ತಾನೆ, ಜೊತೆಗೆ ಇವರ ಹಿಂದೆ ಕೊಲೆಗಾರನನ್ನು ಕಳಿಸಿದ್ದೂ ಬಾಯಿಂದ ಬಿದ್ದುಹೋಗ್ತದೆ. ಗುಂಪು ಓಡಿಸ್ತದೆ. ರಾತ್ರಿ ಮಾತಾಡಲು ಬಂದ, ಅದೇ ಗುಂಪಿನ ಟಾಫ್‌ಳ ಕಾಲನ್ನು ಗೊತ್ತಿಲ್ಲದೆ ಸುಡ್ತಾನೆ. ಎರಡು ಸಲ ಕೆಟ್ಟು ಮೂರನೇ ಸಲಕ್ಕೆ ಒಳಗೆ ಬಂದದ್ದು, ಅದೂ ಆಂಗ್‌ಗೆ ಬೆಂಕಿ ವಿದ್ಯೆ ಕಲಿಸುವವರು ಬೇರೆ ಯಾರೂ ಇಲ್ಲ ಅಂತ. ಕಟಾರಾ ಒಪ್ಪಿದ್ದು ಆಂಗ್‌ನ ಮಾತಿಗೆ ಮಾತ್ರ. ಆಮೇಲೆ ಒಬ್ಬಳೇ ಅವನ ಕೋಣೆಗೆ ಬಂದು, ಒಂದು ಹೆಜ್ಜೆ ತಪ್ಪಿದರೂ ಬಿಡುವುದಿಲ್ಲ ಅಂತ ಬೆದರಿಸಿ ಹೋಗ್ತಾಳೆ.

ಸೇರಿದ್ದು ಒಂದು, ಗೆಳೆಯನಾದದ್ದು ಬೇರೆ. 53ರಲ್ಲಿ ಆಂಗ್ ಜೊತೆ ಡ್ರ್ಯಾಗನ್‌ಗಳ ಹತ್ತಿರ, 54–55ರಲ್ಲಿ ಕಟಾರಾಳ ಅಣ್ಣ ಸೊಕ್ಕಾ ಜೊತೆ ಕುದಿಯುವ ಸರೋವರದ ನಡುವಿನ ಜೈಲಿಗೆ, 56ರಲ್ಲಿ ಕಟಾರಾ ಜೊತೆ ಅವಳ ಅಮ್ಮನನ್ನು ಕೊಂದವನನ್ನು ಹುಡುಕಿಕೊಂಡು. ಒಬ್ಬೊಬ್ಬರ ಜೊತೆ ಒಂದೊಂದು ಪಯಣ. ಟಾಫ್‌ಗೆ ಪಯಣ ಸಿಗಲೇ ಇಲ್ಲ, ಕೊನೆಯ ಭಾಗದಲ್ಲಿ ಅವಳೇ ಅದನ್ನೆತ್ತಿ ಗೊಣಗ್ತಾಳೆ, ಬರೆದವರಿಗೂ ಗೊತ್ತಿತ್ತು ಅಂತಾಯ್ತು. ನಿಮ್ಮ ಸ್ಕ್ರಿಪ್ಟಿನ ದೊಡ್ಡ ತೊಂದರೆ ಮೂವರೂ ಒಟ್ಟಿಗೆ ಕ್ಷಮಿಸುವುದು. ಮೂವರಿಗೂ ಒಂದೇ ದೂರು ಇದ್ದರೆ ಹಾಗೇ ಆಗ್ತದೆ.

ನೀರ್ಚಾಲು ಅರ್ಥಧಾರಿ:

ಕಾರ್ಟೂನ್ ಅಣ್ಣ ಹೇಳಿದ್ದು ಸರಿಯೇ. ಆದರೆ ನಮ್ಮ ಮಕ್ಕಳಿಗೆ ಇದನ್ನು ಕಲಿಸಲಿಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ) ವಿಭೀಷಣನ ಶರಣಾಗತಿ ಕೇಳದವರು ಈ ಕಡೆ ಕಡಿಮೆ.

ವಾಲ್ಮೀಕಿಯಲ್ಲಿ ಆ ಭಾಗದ ಕಟ್ಟು ನೋಡಿ. ವಿಭೀಷಣ ನಾಲ್ವರ ಜೊತೆ ಬಂದು ಆಕಾಶದಲ್ಲೇ ನಿಲ್ಲುತ್ತಾನೆ, ಕೆಳಗಿಳಿಯುವುದಿಲ್ಲ. ಸುಗ್ರೀವ ಕೊಲ್ಲಬೇಕು ಅನ್ನುತ್ತಾನೆ. ಅಂಗದ ಪರೀಕ್ಷಿಸೋಣ ಅನ್ನುತ್ತಾನೆ. ಶರಭ ಗೂಢಚಾರನನ್ನು ಕಳಿಸೋಣ ಅನ್ನುತ್ತಾನೆ. ಜಾಂಬವಂತನಿಗೆ ಬಂದ ಹೊತ್ತು, ಬಂದ ಜಾಗ ಎರಡರ ಮೇಲೂ ಸಂಶಯ. ಮೈಂದ ಮಾತಾಡಿಸಿ ನೋಡೋಣ ಅನ್ನುತ್ತಾನೆ. ಹನುಮಂತನೊಬ್ಬ ಪರವಾಗಿ. ಐದು ಆಕ್ಷೇಪ, ಐದೂ ಬೇರೆ ಬೇರೆ, ಯಾವುದೂ ದಡ್ಡ ಮಾತಲ್ಲ. ಸುಗ್ರೀವನದ್ದಂತೂ ಕತ್ತಿಯಂಥ ಪ್ರಶ್ನೆ: ಕಷ್ಟದಲ್ಲಿರುವ ಅಣ್ಣನನ್ನೇ ಬಿಟ್ಟು ಬಂದವನು ನಾಳೆ ಯಾರನ್ನು ಬಿಡಲಿಕ್ಕಿಲ್ಲ? (ಇದನ್ನು ಕೇಳುತ್ತಿರುವುದು ವಾಲಿಯ ತಮ್ಮ! ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಇದಕ್ಕಿಂತ ಒಳ್ಳೆಯ ಮೇವು ಬೇಕಾ?)

ಹಾಗಾಗಿ ಟೀಚರ್, ಸಂಶಯ ಪಡುವವರ ಬಾಯಿಗೆ ಗಟ್ಟಿ ಮಾತು ಹಾಕಿ. ಅಪ್ಪು "ನೀನು ಕೆಟ್ಟವನು" ಅಂತ ಕೂಗಿದರೆ ಏನೂ ಹುಟ್ಟುವುದಿಲ್ಲ. "ನಿನ್ನ ಅಪ್ಪ ನಾಳೆ ಬಂದು ಕರೆದರೆ?" ಅಂತ ಮೆತ್ತಗೆ ಕೇಳಲಿ. ಅದಕ್ಕೆ ರುದ್ರನ ಹತ್ತಿರ ಉತ್ತರ ಇರಬಾರದು. ಆರನೇ ಕಂತಿನಲ್ಲಿ ಅಪ್ಪ ನಿಜವಾಗಿಯೂ ಬಂದು ಕರೆಯಲಿ, ಆಗ ಉತ್ತರ ಸಿಗಲಿ.

ಒಂದು ವ್ಯತ್ಯಾಸ ನೆನಪಿಡಿ. ವಿಭೀಷಣ ಕಪಿಗಳಿಗೆ ತಾನಾಗಿ ಏನೂ ಕೇಡು ಮಾಡಿದವನಲ್ಲ, ಲಂಕೆಯಲ್ಲೇ ಸೀತೆಯನ್ನು ಬಿಟ್ಟುಕೊಡು ಅಂದವನು. ಅದಕ್ಕೇ ಒಂದೇ ಸಭೆಯಲ್ಲಿ ಇತ್ಯರ್ಥ ಆಯಿತು. ನಿಮ್ಮ ರುದ್ರ ಸ್ವಂತ ಕೈಯಲ್ಲಿ ನೀರಿನ ಬಾಯಿ ಮುಚ್ಚಿದವನು. ಅವನಿಗೆ ಸಭೆ ಸಾಲದು.

ಕುಂಬಳೆ ಕಡಲು:

ರುದ್ರನಿಗೂ ಆ ಮೂವರಿಗೂ ಸಮಾನ ವೈರಿಯನ್ನು ತಂದರೆ ಆಗದಾ? 'ಡ್ರ್ಯಾಗನ್ ಬಾಲ್ ಜೆಡ್' ಶುರುವಾಗುವುದೇ ಹಾಗೆ, ಕಥಾನಾಯಕ ಗೋಕು ಮತ್ತು ಅವನ ಹಳೇ ಹಗೆ ಪಿಕೊಲೋ ಸೇರಿ ಹೊಸ ವೈರಿ ರಾಡಿಟ್ಜ್ ವಿರುದ್ಧ. ಬೇಗ ಮುಗಿಯುತ್ತದೆ, ಹೊಡೆದಾಟವೂ ಸಿಗುತ್ತದೆ.

ಮಂಜೇಶ್ವರ ಕಾರ್ಟೂನ್:

ಸಮಾನ ವೈರಿ ಒಟ್ಟಿಗೆ ನಿಲ್ಲಿಸ್ತಾನೆ, ಅಷ್ಟೇ ಮಾರಾಯ್ರೆ. ರಾಡಿಟ್ಜ್ ಸತ್ತಾಗ ಪಿಕೊಲೋ ಏನೂ ಬದಲಾಗಿರಲಿಲ್ಲ. ಬದಲಾದದ್ದು ಗೋಕುವಿನ ಮಗ ಗೋಹಾನ್‌ಗೆ ವಿದ್ಯೆ ಕಲಿಸ್ತಾ ಕಲಿಸ್ತಾ. ಆಮೇಲೆ ಇನ್ನೊಬ್ಬ ವೈರಿ ನಾಪಾನ ಏಟಿಗೆ ಅಡ್ಡ ನಿಂತು ಆ ಹುಡುಗನಿಗಾಗಿ ಪ್ರಾಣ ಕೊಡ್ತಾನೆ. ಸಮಾನ ವೈರಿ ಬಾಗಿಲು ತೆಗೀಲಿಕ್ಕೆ ಸಾಕು, ಒಳಗೆ ಕೂರಿಸಲಿಕ್ಕೆ ಬೇರೆ ಕೆಲಸ ಬೇಕು.

ಪೆರ್ಲ ಟೀಚರ್:

ಎಲ್ಲ ಸರಿ, ಆದರೆ ನನ್ನಲ್ಲಿರುವುದು ಹದಿನೆಂಟು ನಿಮಿಷ. ಮೂವರಿಗೆ ಮೂರು ಪಯಣ ಎಲ್ಲಿಂದ ತರುವುದು?

ಬಾಯಾರು ಗುಡ್ಡೆ:

ಮೆಟ್ಟಿಲು ಕಡಿಮೆ ಮಾಡಬೇಡಿ ಟೀಚರ್, ಮನುಷ್ಯರನ್ನು ಕಡಿಮೆ ಮಾಡಿ. ಪೂರ್ತಿ ಲೆಕ್ಕ ತೀರಿಸುವುದು ಲೀಲ ಒಬ್ಬಳ ಜೊತೆ ಸಾಕು. ಎರಡನೇ ಕಂತಿನಲ್ಲಿ ರುದ್ರ ಅವಳಿಗೆ ಏನೋ ಒಂದು ಸಣ್ಣ ಉಪಕಾರ ಮಾಡಲಿ, ಮೂರನೆಯದರಲ್ಲಿ ಅದೇ ನಂಬಿಕೆ ಬಳಸಿ ಸುರಂಗ ಎಲ್ಲಿದೆ ಅಂತ ತಿಳಿದುಕೊಂಡು ಬಾಯಿ ಮುಚ್ಚಲಿ. ಈಗ ಒಂದನೇ ಕಂತಿನಲ್ಲೇ ಮುಚ್ಚಿ ಆಗಿದೆ, ಅದನ್ನು ಮುಂದೆ ಹಾಕಿ. ಅಪ್ಪು ಬೇಗ ಒಪ್ಪುವವನಾಗಲಿ, ಸುಮ ಅಪ್ಪು ಹೇಳಿದ್ದಕ್ಕೆ ಹೂಂ ಅನ್ನುವವಳಾಗಲಿ.

ಆಮೇಲೆ, ನಿಮ್ಮ ಕತೆಯಲ್ಲಿ ಸುರಂಗ ಉಂಟಲ್ಲ! ಅದನ್ನು ಬರೀ ಹಿನ್ನೆಲೆ ಚಿತ್ರ ಮಾಡಿ ಬಿಟ್ಟಿದ್ದೀರಿ. ನಮ್ಮ ಕಡೆಯ ಸುರಂಗ ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಅಡ್ಡಕ್ಕೆ ಕೊರೆದದ್ದು, ಆಳೆತ್ತರ, ಅಗಲ ಮಾತ್ರ ಎರಡಡಿಯ ಆಸುಪಾಸು. ಇಬ್ಬರು ಪಕ್ಕಪಕ್ಕ ನಡೆಯಲಿಕ್ಕೆ ಆಗುವುದೇ ಇಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ. ಎಂದರೆ ಯಾರಾದರೊಬ್ಬರು ಹಗೆಯವನಿಗೆ ಬೆನ್ನು ಕೊಡಲೇಬೇಕು. ನಿಮಗೆ ಬೇಕಾದ ನಾಟಕ ಪೂರ್ತಿ ಅಲ್ಲೇ ಉಂಟು.

ಐದನೇ ಕಂತಿನಲ್ಲಿ ಮುಚ್ಚಿದ ಬಾಯಿ ತೆಗೆಯಲು ರುದ್ರ, ಲೀಲ ಇಬ್ಬರೇ ಒಳಗೆ ಹೋಗಲಿ. ಕಾರಣವೂ ಸುಲಭ: ಮಂತ್ರ ಬಿಡಿಸುವುದು ಅವನಿಗೆ ಮಾತ್ರ ಗೊತ್ತು, ಒಳಗಿನ ಕವಲುದಾರಿ ಅವಳಿಗೆ ಮಾತ್ರ ಗೊತ್ತು. ಹೋಗುವಾಗ ಲೀಲ "ನೀನು ಮುಂದೆ ನಡಿ" ಅನ್ನಲಿ, ಹಿಂದಿನಿಂದ ದಾರಿ ಹೇಳುತ್ತಾ ಬರಲಿ, ಕೈಯಲ್ಲಿ ಪಿಕ್ಕಾಸು ಇರಲಿ. ಒಳಗೆ ದೀಪ ಒಯ್ಯುವುದು ಬರೀ ಬೆಳಕಿಗೆ ಅಲ್ಲ, ಉಸಿರಾಡುವ ಗಾಳಿ ಕಡಿಮೆಯಾದರೆ ಜ್ವಾಲೆ ಸಣ್ಣದಾಗಿ ನಂದುತ್ತದೆ. ಅದು ಹೊರಗೆ ಓಡಬೇಕೆಂಬ ಸೂಚನೆ. ಒಳಗೆ ಹೋದಂತೆ ಜ್ವಾಲೆ ಕುಗ್ಗಲಿ. ರುದ್ರ ಮುಂದಿದ್ದಾನೆ, ಅವನ ಹಿಂದೆ ಲೀಲ, ಹೊರಗಿನ ದಾರಿ ಇರುವುದು ಲೀಲಳ ಬೆನ್ನ ಹಿಂದೆ. ತಪ್ಪಿಸಿಕೊಳ್ಳಲಿಕ್ಕೆ ಅವನಿಗೆ ದಾರಿಯೇ ಇಲ್ಲ. ಆದರೂ ಅವನು "ನೀನು ಹೋಗು, ಇನ್ನು ಒಂದು ಮೊಳ ಉಂಟು" ಅಂತ ಮಣ್ಣು ಕೀಳುತ್ತಾ ಇರಲಿ. ಇಷ್ಟಾದ ಮೇಲೆ ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ನೀರು ಬಂದ ಮೇಲೆ ವಾಪಸು ಬರುವಾಗ ತಿರುಗಿ ನಿಂತರೆ ಸಾಲು ತಾನಾಗಿ ಬದಲು, ಈಗ ಲೀಲ ಮುಂದೆ, ಅವನು ಹಿಂದೆ. ಅವಳು ತಿರುಗಿ ನೋಡದೆ ನಡೆಯಲಿ. ಪಿಕ್ಕಾಸು ಅವನ ಕೈಯಲ್ಲಿರಲಿ.

ನೀರ್ಚಾಲು ಅರ್ಥಧಾರಿ:

ಭೇಷ್. ಇದು ರಂಗಕ್ಕೆ ಬರುವ ಮಾತು. ಒಂದು ಸೇರಿಸಿ: ಅಲ್ಲಿವರೆಗೆ ಲೀಲ ಅವನನ್ನು "ಏ ಕೋಟೆಯವನೇ" ಅಂತಲೇ ಕರೆಯಲಿ. ಹೆಸರು ಹಿಡಿದು ಕರೆಯುವುದು ಹೊರಗೆ ಬಂದ ಮೇಲೆ, ಅದೂ ಏನೋ ಸಣ್ಣ ಕೆಲಸಕ್ಕೆ. "ರುದ್ರ, ಆ ದಂಬೆ ಸ್ವಲ್ಪ ಎತ್ತು" ಅಂದರೆ ಸಾಕು. ನೀರು ತೋಟಕ್ಕೆ ಹರಿಸಲಿಕ್ಕೆ ಅಡಕೆಮರದ ದಂಬೆ ಬೇಕಲ್ಲ, ಅದಕ್ಕೂ ಉಪಯೋಗ ಆಯಿತು.

ಮಂಜೇಶ್ವರ ಕಾರ್ಟೂನ್:

ಚಿತ್ರದ ಕಡೆಯಿಂದ ಎರಡು ಮಾತು. ಸೆಕೆಂಡಿಗೆ 12 ಚಿತ್ರ ಅಂತ ಹಿಡಿದರೂ ಮೂರು ನಿಮಿಷಕ್ಕೆ 2,160 ಆಗ್ತದೆ, ಆರು ಕಂತಿಗೆ 12,960. ಮಕ್ಕಳು ಅಷ್ಟು ಬಿಡಿಸಲಿಕ್ಕಿಲ್ಲ. ಸುರಂಗದ ದೃಶ್ಯ ಈ ವಿಷಯದಲ್ಲಿ ವರದಾನ: ಕತ್ತಲೆ, ಪಕ್ಕದಿಂದ ಕಾಣುವ ಎರಡು ಆಕೃತಿ, ಒಂದು ದೀಪ. ಹಿನ್ನೆಲೆಯ ಒಂದೇ ಉದ್ದ ಗೋಡೆಯನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ನಡೆದಂತೆ ಕಾಣ್ತದೆ, ನಡಿಗೆಯ ಎಂಟು ಚಿತ್ರವನ್ನು ತಿರುಗಿಸಿ ತಿರುಗಿಸಿ ಹಾಕಿ. ಉಳಿದ ಶ್ರಮವನ್ನೆಲ್ಲ ಜ್ವಾಲೆಗೆ ಮತ್ತು ಲೀಲಳ ಕಣ್ಣಿಗೆ ಇಡಿ. ಮಾತಿಲ್ಲದ ಕಡೆ ಮುಖವನ್ನು ಎರಡು ಸೆಕೆಂಡು ಅಲುಗಿಸದೆ ಹಿಡಿದು, ಕಣ್ಣು ಮಿಟುಕಿಸಲು ನಾಲ್ಕು ಚಿತ್ರ ಕೊಟ್ಟರೆ ಯೋಚಿಸುತ್ತಿದ್ದಾಳೆ ಅಂತ ನೋಡುವವರೇ ಅಂದುಕೊಳ್ತಾರೆ.

ರುದ್ರನ ಕೂದಲನ್ನು ಬೇರೆ ಲೇಯರಿನಲ್ಲಿ ಬಿಡಿಸಿ. ಝೂಕೋ ಮೊದಲ ಭಾಗದಲ್ಲಿ ಬೋಳುತಲೆಗೆ ಒಂದು ಜುಟ್ಟು, ಎರಡನೇ ಭಾಗದ ಶುರುವಿಗೆ ಜುಟ್ಟು ಕತ್ತರಿಸ್ತಾನೆ, ಆಮೇಲೆ ಕೂದಲು ಬೆಳೆಯುತ್ತಾ ಹೋಗ್ತದೆ. ಮುಖದ ಗಾಯ ಮಾತ್ರ ಕೊನೆಯವರೆಗೆ ಹಾಗೇ. ನಿಮ್ಮವರು ಐದನೇ ಕಂತಿಗೆ ರುದ್ರನ ಬಣ್ಣವನ್ನೇ ಕಪ್ಪಿನಿಂದ ಬಿಳಿಗೆ ಬದಲಿಸಲು ಹೊರಡ್ತಾರೆ, ತಡೀರಿ. ಕೋಟೆಯ ಅಂಗಿ ಮಣ್ಣಾಗಿರಲಿ, ಬದಲಾಗುವುದು ಬೇಡ.

ಪೆರ್ಲ ಟೀಚರ್:

ಸುರಂಗದ ಯೋಜನೆ ಮಕ್ಕಳಿಗೆ ಹೇಳಿದೆ, ಕುಣಿದಾಡುತ್ತಿದ್ದಾರೆ. ಕೊನೆಯ ಒಂದು ಸಂಶಯ: ಆರನೇ ಕಂತಿನಲ್ಲಿ ಲೀಲ ಪೂರ್ತಿ ಕ್ಷಮಿಸಬೇಕಾ? ಅರ್ಧ ಜನ ಬೇಕು ಅನ್ನುತ್ತಾರೆ, ಅರ್ಧ ಜನ ಬೇಡ.

ಬಾಯಾರು ಗುಡ್ಡೆ:

ಅವನನ್ನು ಕ್ಷಮಿಸಲಿ, ಮಾಡಿದ್ದನ್ನು ಮರೆಯುವುದು ಬೇಡ. ಒಣಗಿದ ಅಡಕೆಮರ ಆರನೇ ಕಂತಿನಲ್ಲೂ ಒಣಗಿಯೇ ಇರಲಿ, ನೀರು ಬಂದ ಕೂಡಲೇ ಹಸಿರು ಮಾಡಬೇಡಿ. ಹೊಸ ಸಸಿ ನೆಟ್ಟರೂ ಫಸಲಿಗೆ ಐದಾರು ವರ್ಷ ಬೇಕು, ಈ ಊರಿನ ಮಕ್ಕಳಿಗೆ ಅದು ಗೊತ್ತಿದ್ದದ್ದೇ. ಅಪ್ಪ ಬಂದು ಕರೆಯುವಾಗ ರುದ್ರ ಸಸಿಗೆ ಗುಂಡಿ ತೆಗೆಯುತ್ತಿರಲಿ. ಲೀಲ ಆ ಹೊತ್ತಿನಲ್ಲಿ ಅವನ ಪರವಾಗಿ ಏನೂ ಮಾತಾಡಬಾರದು, ಆ ಉತ್ತರ ಅವನೇ ಕೊಡಬೇಕಾದ್ದು.

ಮಂಜೇಶ್ವರ ಕಾರ್ಟೂನ್:

ಹೌದು. ಮತ್ತೆ ಧ್ವನಿ ಮೊದಲು ರೆಕಾರ್ಡ್ ಮಾಡಿ, ಆಮೇಲೆ ಚಿತ್ರ. ಉಲ್ಟಾ ಮಾಡಿದರೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಅಪ್ಪ ಕರೆದಲ್ಲಿಂದ ರುದ್ರ ಉತ್ತರ ಕೊಡುವವರೆಗೆ ಹಿನ್ನೆಲೆ ಸಂಗೀತ ಬೇಡ, ಗುಂಡಿ ತೆಗೆಯುವ ಸದ್ದು ಮಾತ್ರ ಇರಲಿ. ಆ ಸದ್ದನ್ನು ಶಾಲೆಯ ಹಿತ್ತಿಲಲ್ಲೇ ಮೊಬೈಲಿನಲ್ಲಿ ಹಿಡಿಯಬಹುದು, ಫೋನನ್ನು ಗುಂಡಿಯಿಂದ ನಾಲ್ಕಡಿ ದೂರ, ಗಾಳಿಗೆ ಬೆನ್ನು ಹಾಕಿ ಇಡಿ.