ಕಾಫಿ ತೋಟದಲ್ಲಿ ಮದುವೆ: ಫೋಟೊಗೆ ಯಾವ ಜಾಗ ಚೆನ್ನ?

ಪ್ರಶ್ನೆ: ತಂಗಿಯ ಮದುವೆ ಮಾರ್ಚ್ ಕೊನೆಗೆ, ಸಕಲೇಶಪುರದ ಕಡೆ. ಎರಡು ತೋಟ ನೋಡಿದ್ದೇವೆ. ಒಂದರಲ್ಲಿ ಹೆಂಚಿನ ಬಂಗಲೆ, ಮುಂದೆ ಕಾಫಿ ಒಣಗಿಸುವ ಕಣ. ಇನ್ನೊಂದರಲ್ಲಿ ಕೆರೆ, ಸುತ್ತ ಸಿಲ್ವರ್ ಓಕ್. ಅಭಿಜಿನ್ ಲಗ್ನ. ಯಾವುದು ಒಳ್ಳೆಯದು?

ಉತ್ತರ 1: ಅಭಿಜಿನ್ ಅಂದ್ರೆ ನಡು ಮಧ್ಯಾಹ್ನ ಅಲ್ವಾ? ಬಿಸಿಲು ನೆತ್ತಿ ಮೇಲೆ, ಬಾಸಿಂಗದ ನೆರಳು ಕಣ್ಣಿನ ಮೇಲೇ ಬೀಳುತ್ತದೆ. ಕಣಕ್ಕೆ ಬಿಳಿ ಬಟ್ಟೆಯ ಚಪ್ಪರ ಹಾಕಿಸಿ. ಬಣ್ಣದ ಶಾಮಿಯಾನ ಬೇಡವೇ ಬೇಡ, ಮುಖವೆಲ್ಲ ಕೆಂಪಗೆ ಬರುತ್ತದೆ.

ಉತ್ತರ 2: ಕೆರೆ ಹತ್ತಿರ ಸಂಜೆ ಐದಕ್ಕೆ ಹೋಗಿ ನಿಂತು ನೋಡಿ. ಪಶ್ಚಿಮಕ್ಕೆ ಗುಡ್ಡವಿದ್ದರೆ ಬಿಸಿಲು ಬೇಗ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಗುಡ್ಡ ಇದೆ! ಹಾಗಾದ್ರೆ ಬಂಗಲೆಯೇ ಸರಿ. ಕಾಫಿ ಹೂವು ಸಿಗಬಹುದಾ?

ಉತ್ತರ 1: ಒಳ್ಳೆ ಮಳೆ ಬಿದ್ದರೆ ಸುಮಾರು 8–10 ದಿನಕ್ಕೆ ಅರಳುತ್ತದೆ, ಆಮೇಲೆ ಕೆಲವೇ ದಿನ. ತೋಟದ ರೈಟರ್ (ಕೆಲಸ ನೋಡಿಕೊಳ್ಳುವವರು) ಹತ್ತಿರ ವಿಚಾರಿಸುತ್ತಾ ಇರಿ.