ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ: ಅಂಗಡಿಯವರು ತೂಕದ ರೇಟೇ ಹೇಳ್ತಿದ್ದಾರೆ, ಇದು ಸರಿಯಾ?

ಕಾಸಿನಸರ:
ಒಟ್ಟು 22 ರೂಪಾಯಿ ನಾಣ್ಯ ಇವೆ. 1862ರ ವಿಕ್ಟೋರಿಯಾ 6, ಎಡ್ವರ್ಡ್ 5, 1912ರ ನಂತರದ ಐದನೇ ಜಾರ್ಜ್ 7, 1911ರದ್ದು 1, 1944 ಮತ್ತು 1945ರವು ಒಂದೊಂದು, 1939ರದ್ದು 1. ನಾಣ್ಯದ ವ್ಯಾಪಾರಿ 1911 ಮತ್ತು 1939 ಪಕ್ಕಕ್ಕಿಟ್ಟು ಉಳಿದದ್ದನ್ನೆಲ್ಲ ತಕ್ಕಡಿಗೆ ಹಾಕಿದರು. ಆನ್‌ಲೈನಲ್ಲಿ 1862ಕ್ಕೆ ಲಕ್ಷಗಟ್ಟಲೆ ಹೇಳ್ತಾರಲ್ಲ? ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟರೆ ರೇಟು ಏರುತ್ತಾ?

ಟಂಕಸಾಲೆ:
ತಿಕ್ಕಬೇಡಿ ಸರ್, ಮೊದಲು ಅದು.

ಲಕ್ಷ ಅನ್ನೋದು ಮಾರುವವರು ಬರೆದುಕೊಂಡ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ವ್ಯಾಪಾರಿ ಮೊದಲು ಹಾಕೋದು ಬೆಳ್ಳಿ ಲೆಕ್ಕ. ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. 1939ರವರೆಗಿನದರಲ್ಲಿ ಬೆಳ್ಳಿ 91.7%, ಅಂದರೆ 10.69 ಗ್ರಾಂ. 1940ರಿಂದ 1945ರವರೆಗೆ ಅರ್ಧಕ್ಕರ್ಧ, 5.83 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ ₹100 ಹಿಡಿದರೆ ಮೊದಲನೆಯದು ₹1,069, ಎರಡನೆಯದು ₹583. ಆ ₹100ರ ಜಾಗಕ್ಕೆ ಅವತ್ತಿನ ದರ ಹಾಕಿಕೊಳ್ಳಿ. ಸವೆದ ನಾಣ್ಯ 11.66 ತೂಗಲ್ಲ, ಆ ಕೊರತೆಯನ್ನೂ ಕಳೀತಾರೆ. ನಿಮ್ಮ 1944, 1945ನ್ನು ಉಳಿದವುಗಳ ಜೊತೆ ಒಂದೇ ರೇಟಲ್ಲಿ ತೂಗಿದ್ದರೆ ಲಾಭ ನಿಮಗೇ!

ಬೆಳ್ಳಿ ಬೆಲೆಗಿಂತ ಹೆಚ್ಚಾಗಿ ಸಂಗ್ರಾಹಕರು ಕೊಡೋದು ಇಸವಿ, ಟಂಕಸಾಲೆ (ನಾಣ್ಯ ಅಚ್ಚಾದ ಜಾಗ), ಸ್ಥಿತಿ ಈ ಮೂರಕ್ಕೆ. ಸವೆದ ಎಡ್ವರ್ಡ್ ಮತ್ತು ಜಾರ್ಜ್ ರೂಪಾಯಿ ಕೋಟಿಗಟ್ಟಲೆ ಅಚ್ಚಾದವು, ಅವಕ್ಕೆ ಹೆಚ್ಚುವರಿ ಸಿಗೋದು ಅತ್ಯಲ್ಪ. ಬೆಳ್ಳಿ ಏರಿದಾಗಂತೂ ಅದೂ ಕರಗಿಹೋಗುತ್ತೆ.

ಆದರೆ 1862ನ್ನು ಹಾಗೇ ತಕ್ಕಡಿಗೆ ಹಾಕಬಾರದಿತ್ತು. 1873ರವರೆಗೆ ಹೊಡೆದ ರೂಪಾಯಿಗಳ ಮೇಲೂ 1862 ಅಂತಲೇ ಇದೆ. 1874ರಿಂದಷ್ಟೇ ಆಯಾ ವರ್ಷ ಬಂತು. ಬಾಂಬೆ ಟಂಕಸಾಲೆಯವರು ವರ್ಷ ಗುರುತಿಸಲು ಸಣ್ಣ ಚುಕ್ಕಿ ಹಾಕ್ತಿದ್ದರು. ಇಸವಿಯ ಹಿಂದೆಮುಂದೆ, ಮೇಲೆಕೆಳಗೆ 10x ಲೂಪ್‌ನಲ್ಲಿ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ) ಚುಕ್ಕಿ ಎಣಿಸಿ. ಕೆಲವು ಜೋಡಣೆಗಳು ಸುಲಭಕ್ಕೆ ಸಿಗಲ್ಲ. ಆರೂ ಒಂದೇ ಬಗೆ ಆಗಿರಲೇಬೇಕು ಅಂತಿಲ್ಲ.

ಲೂಪ್10ಎಕ್ಸ್:
ತಿಕ್ಕುವ ವಿಷಯಕ್ಕೆ: ಹುಣಸೆ, ಬೂದಿ, ಟೂತ್‌ಪೇಸ್ಟ್ ಯಾವುದೇ ಇರಲಿ, ಕೂದಲೆಳೆಯಂಥ ಗೆರೆಗಳು ಬೀಳ್ತವೆ. ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ತಿಕ್ಕದ ಹೊಸ ನಾಣ್ಯದ ಹೊಳಪು ಸುತ್ತು ಹೊಡೆಯುತ್ತೆ. ತಿಕ್ಕಿದ್ದು ಎಲ್ಲ ಕಡೆ ಒಂದೇ ತರ ಬಿಳಿಚಿಕೊಂಡಿರುತ್ತೆ. ನಾಣ್ಯ ಪರೀಕ್ಷಿಸಿ ಸ್ಥಿತಿಗೆ ಅಂಕ (ಗ್ರೇಡ್) ಕೊಡುವ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳಿಗೆ ಕಳಿಸಿದರೂ ಗ್ರೇಡ್ ಅಂಕ ಸಿಗಲ್ಲ, ಡೀಟೇಲ್ಸ್ (ಅಂದರೆ ದೋಷವಿದೆ) ಅಂತ ಬರೆದು ಕೊಡ್ತಾರೆ. ಸರಕ್ಕೆ ಕೊಂಡಿ ಬೆಸೆದು ತೆಗೆದ ಗುರುತು ಅಂಚಲ್ಲಿದ್ದರೂ ಇದೇ ಗತಿ. ಅಂಥದ್ದನ್ನು ಬೆಳ್ಳಿ ರೇಟಿಗೆ ಬಿಡಿ.

1911: ರಾಜನ ನಿಲುವಂಗಿ ಮೇಲಿನ ಆನೆ ಹಂದಿಯಂತೆ ಕಾಣುತ್ತೆ ಅಂತ ಗಲಾಟೆಯಾಗಿ 1912ರಲ್ಲಿ ಅಚ್ಚು ಬದಲಾಯಿತು. ಹೆಸರು ದೊಡ್ಡದು, ಬೇಡಿಕೆಯೂ ಇದೆ. ಆದರೆ ಆನೆಯೇ ಸವೆದುಹೋಗಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯೋದು ಸಾಮಾನ್ಯ.

1939ರ ಮೇಲೆ ಆಸೆ ಇಡುವ ಮುಂಚೆ ಪರೀಕ್ಷಿಸಿ. ಅಸಲಿ ತೀರಾ ಅಪರೂಪ, ನಕಲಿ ಧಾರಾಳ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ಪೂರ್ತಿ 11.66 ಗ್ರಾಂ ತೂಗುವ 91.7% ಬೆಳ್ಳಿಗೆ ಸುಮಾರು 1.13 ಗ್ರಾಂ ತೋರಿಸಬೇಕು. 1.22ರ ಆಸುಪಾಸು ಬಂದರೆ ಅದು ಬಹುಶಃ 1940ರಿಂದ ಈಚಿನ ಅರ್ಧ ಬೆಳ್ಳಿ, ಇಸವಿ ಕೆತ್ತಿ ಬದಲಾಯಿಸಿರಬೇಕು. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಳತೆ ಜಾಸ್ತಿ ತೋರಿಸುತ್ತೆ, ಅಲ್ಲಾಡಿಸಿ ಬಿಡಿಸಿ.

ಕಾಸಿನಸರ:
ಮೂರು ಸಲ ನೋಡಿದೆ, 1.22, 1.21, 1.22.

ಲೂಪ್10ಎಕ್ಸ್:
ಹಾಗಾದರೆ ಇಸವಿಯ ಕೊನೆಯ ಎರಡು ಅಂಕಿಗಳ (39) ಸುತ್ತ ಲೂಪ್ ಹಿಡಿಯಿರಿ. ಹಿನ್ನೆಲೆ ತಗ್ಗಾಗಿರುತ್ತೆ ಅಥವಾ ಅಂಕಿಯ ಬುಡದಲ್ಲಿ ಬೆಸುಗೆಯ ಗೆರೆ ಕಾಣುತ್ತೆ. 5.83 ಗ್ರಾಂ ಬೆಳ್ಳಿಗಿಂತ ಜಾಸ್ತಿ ನಿರೀಕ್ಷಿಸಬೇಡಿ. 1939 ಅಂತ ಬೇರೆಯವರಿಗೆ ಮಾರಲೂಬೇಡಿ.

ಹರಾಜುಕಟ್ಟೆ:
ವ್ಯಾಪಾರಿಯ ರೇಟು ಯಾಕೆ ಕಡಿಮೆ ಅನ್ನೋದಕ್ಕೆ ಒಂದು ಮಾತು. ಅವರು ನೋಡೋದು ಕ್ಯಾಟಲಾಗ್ ಬೆಲೆಯನ್ನಲ್ಲ, ಇತ್ತೀಚಿನ ಹರಾಜಲ್ಲಿ ಅದೇ ಬಗೆ, ಅದೇ ಗ್ರೇಡಿಗೆ ನಿಜವಾಗಿ ಬಿದ್ದ ಬೆಲೆಯನ್ನು. ಅದರಲ್ಲೂ ಖರೀದಿದಾರನ ಕಮಿಷನ್ ಸೇರಿದೆಯಾ ಅಂತ ನೋಡಿಕೊಳ್ಳಿ. ₹10,000ಕ್ಕೆ ಸುತ್ತಿಗೆ ಬಿದ್ದು (ಕೂಗು ಅಲ್ಲಿಗೆ ಮುಗಿದು), ಕೊಂಡವನು ಮೇಲೆ 15% ಕೊಟ್ಟು, ಮಾರಿದವನಿಗೆ 10% ಕಡಿತವಾದರೆ ಒಬ್ಬನ ಕೈಯಿಂದ ₹11,500 ಹೋಗುತ್ತೆ, ಇನ್ನೊಬ್ಬನ ಕೈಗೆ ₹9,000 ಬರುತ್ತೆ. ಅಂಗಡಿಯವರು ಆ ₹9,000ದಿಂದ ಕೆಳಕ್ಕೆ ಲೆಕ್ಕ ಶುರು ಮಾಡ್ತಾರೆ, ಯಾಕಂದ್ರೆ ನಾಣ್ಯ ಮಾರಾಟವಾಗುವವರೆಗೆ ಅವರ ದುಡ್ಡು ಅದರಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ.

ಹಾಗಾಗಿ 1911 ಮತ್ತು ಚುಕ್ಕಿ ನೋಡಿ ಆರಿಸಿದ 1862 ಮಾತ್ರ ಬೇರೆ ತೆಗೆದು ಇಬ್ಬರು ಮೂವರ ಹತ್ತಿರ ತೋರಿಸಿ. ಎಲ್ಲ ಸೇರಿಸಿ ಒಂದೇ ಮೊತ್ತ ಒಪ್ಪಬೇಡಿ, ಒಳ್ಳೆಯದು ಅದರಲ್ಲೇ ಮುಚ್ಚಿಹೋಗುತ್ತೆ. ಹೊರದೇಶದವರು ಕೇಳಿದರೆ ನೂರು ವರ್ಷ ದಾಟಿದ್ದನ್ನು ಕಳಿಸುವಂತಿಲ್ಲ, 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತೆ. ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಮುಂಗಡ ಫೀ ಕೇಳುವವರ ಫೋನ್ ಬಂದರೆ ಇಟ್ಟುಬಿಡಿ. ತಾನು ಇಂಥ ವ್ಯವಹಾರ ಮಾಡಲ್ಲ ಅಂತ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.