ಸಹಾಯ ಬೇಕು: ಕೆ.ಜಿ. ಬೇಸಿನ್ ಅನಿಲ ಎಲ್ಲಿಂದ ಬಂತು?

ನಮಸ್ಕಾರ. ಭೂವಿಜ್ಞಾನ ಎಂ.ಎಸ್ಸಿ. ಓದ್ತಿದ್ದೀನಿ. ಸೆಮಿನಾರಿಗೆ ಕೃಷ್ಣಾ-ಗೋದಾವರಿ (ಕೆ.ಜಿ.) ಬೇಸಿನ್, ಅಂದರೆ ಆಂಧ್ರ ಕರಾವಳಿ ಮತ್ತು ಅದರಾಚೆಯ ಸಮುದ್ರದಡಿ ಹೂಳು ತುಂಬಿದ ತಗ್ಗು, ತಗೊಂಡಿದ್ದೀನಿ. ತೈಲ ಕಂಪನಿಗಳಲ್ಲಿ ಕೆಲಸ ಮಾಡಿದ ಹಿರಿಯರು, ಸೀಸ್ಮಿಕ್ (ಅಲೆ ಕಳಿಸಿ ಪಡೆದ ನೆಲದಡಿಯ ಪದರಗಳ ಚಿತ್ರ) ಓದಬಲ್ಲವರು ಇದ್ದರೆ ದಯವಿಟ್ಟು ನೋಡಿ.

ಒಟ್ಟು ಚೌಕಟ್ಟು ಅರ್ಥವಾಗಿದೆ. ಗೊಂಡ್ವಾನಾ ಒಡೆದು ಭಾರತ ಅಂಟಾರ್ಕ್ಟಿಕಾದಿಂದ ದೂರ ಸರಿದಾಗ ಈಶಾನ್ಯ-ನೈಋತ್ಯ ದಿಕ್ಕಿಗೆ ಹೋರ್ಸ್ಟ್ (ಬಿರುಕುಗಳ ನಡುವೆ ಎತ್ತರದಲ್ಲಿ ಉಳಿದ ಭಾಗ), ಗ್ರಾಬೆನ್‌ಗಳು (ಕುಸಿದ ಭಾಗ) ಆದವು. ಮೇಲೆ ಕ್ರಿಟೇಷಿಯಸ್‌ನ (ಡೈನೋಸಾರ್‌ಗಳ ಕೊನೆಯ ಯುಗ) ರಾಘವಪುರಂ ಶೇಲ್ (ಜೇಡಿ ಗಟ್ಟಿಯಾದ ಕಲ್ಲು), ಇನ್ನೂ ಮೇಲೆ ರಾಜೋಲು ಬಸಾಲ್ಟ್ (ಲಾವಾ ಕಲ್ಲು, ಡೆಕ್ಕನ್ ಟ್ರ್ಯಾಪ್ ಕಾಲದ್ದೇ), ಆಮೇಲೆ ನದಿಗಳು ಸುರಿದ ಹೂಳು. ಅದರಲ್ಲಿ ನಮ್ಮ ಕೃಷ್ಣೆಯ ಪಾಲೂ ಉಂಟು!

ತೊಡಕು ಇಲ್ಲಿ. 2002ರಲ್ಲಿ ಈ ಬೇಸಿನ್ನಿನ ಡಿ6 ಬ್ಲಾಕ್‌ನಲ್ಲಿ (ಅನಿಲ ಹುಡುಕಲು ರಿಲಯನ್ಸ್‌ಗೆ ಕೊಟ್ಟ ಸಮುದ್ರ ಭಾಗ) ಸಿಕ್ಕ ಅನಿಲ ಆಳಸಮುದ್ರದ ಎಳೆಯ ಕಾಲುವೆ-ಮರಳುಗಳಲ್ಲಿದೆ. ಹೆಚ್ಚುಕಡಿಮೆ ಬರೀ ಮೀಥೇನ್, ಸೂಕ್ಷ್ಮಜೀವಿಗಳಿಂದ ಆದದ್ದು ಅಂತಾರೆ. ಅದೇ ಬ್ಲಾಕ್‌ನಲ್ಲಿ 2013ರಲ್ಲಿ ಸಿಕ್ಕ ಎಂಜೆ ಎಂಬ ನಿಕ್ಷೇಪ ಮಾತ್ರ ಬಹಳ ಕೆಳಗೆ, ಮೆಸೋಜೋಯಿಕ್ (ಡೈನೋಸಾರ್ ಕಾಲದ) ಪದರದಲ್ಲಿ, ಜೊತೆಗೆ ಕಂಡೆನ್ಸೇಟ್ (ಅನಿಲದೊಂದಿಗೆ ಬರುವ ತೆಳು ಎಣ್ಣೆ). ಅಂದರೆ ಶಾಖದಿಂದ ಆದ ಅನಿಲ. ಅದು ಮೇಲಕ್ಕೆ ಏರಿ ಎಳೆಯ ಮರಳಿನ ಅನಿಲದೊಂದಿಗೆ ಬೆರೆಯದಂತೆ ತಡೆದದ್ದೇನು? ಗ್ರೋತ್ ಫಾಲ್ಟ್‌ಗಳು (ಹೂಳು ಬೀಳುತ್ತಿರುವಾಗಲೇ ಬೆಳೆದ ಬಿರುಕುಗಳು) ಕೆಳಗಿನವರೆಗೆ ಇಳಿಯದೆ ಒತ್ತಡ ತುಂಬಿದ ಶೇಲ್‌ನಲ್ಲೇ ಚಪ್ಪಟೆಯಾಗುವುದು ಕಾರಣವೇ? ನನಗೆ ಹಾಗನ್ನಿಸುತ್ತೆ, ಗೈಡ್ ಒಪ್ಪುತ್ತಿಲ್ಲ.

ಎರಡೂ ಅನಿಲಗಳ ಕಾರ್ಬನ್ ಐಸೋಟೋಪ್ ಅಂಕಿಗಳು (ಅನಿಲದ ಮೂಲದ ಸುಳಿವು ಕೊಡುವಂಥವು) ಎಲ್ಲಿ ಸಿಗುತ್ತವೆ? 2006ರ ಹೈಡ್ರೇಟ್ (ನೀರಿನೊಂದಿಗೆ ಮಂಜುಗಡ್ಡೆಯಂತೆ ಗಟ್ಟಿಯಾದ ಮೀಥೇನ್) ಕೊರೆತದ ದತ್ತಾಂಶವನ್ನು ಹೋಲಿಕೆಗೆ ಬಳಸಬಹುದಾ? ದಡದಿಂದ ಆಳಸಮುದ್ರದವರೆಗಿನ ಒಂದು ಒಳ್ಳೆಯ ಸೀಸ್ಮಿಕ್ ಛೇದವೂ ಬೇಕು, ದುಡ್ಡು ಕಟ್ಟದೆ ನೋಡುವಂಥದ್ದು. ಸೆಮಿನಾರು ಮುಂದಿನ ತಿಂಗಳು.